ಮೋಟಾರು ದೋಣಿಯ ಅಲೆ ಮತ್ತು ಕೆರೆಯ ಒಡ್ಡು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ತಾಲ್ಲೂಕುಗಳ ರೈತರಿಗೆ ಕೆರೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಈ ಭಾಗದಲ್ಲಿ ಬೀಳುವ ಮಳೆ ಸಾಮಾನ್ಯವಾಗಿ ವರ್ಷಕ್ಕೆ 600 ಮಿ.ಮೀ. ದಾಟುವುದಿಲ್ಲ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ತಿಂಗಳ ಆಚೀಚೆ ಬರುತ್ತದೆ. ಆಗ ತುಂಬಿದ ಕೆರೆ ಹಿಂಗಾರಿ ಬೆಳೆಗೆ, ಬಾವಿಗಳ ಸೆಲೆಗೆ, ದನಕರುಗಳ ಬಾಯಾರಿಕೆಗೆ ಆಧಾರ. ಶಿರೂರಿನ ಉತ್ತರಕ್ಕೆ ಆಲಮಟ್ಟಿ ಜಲಾಶಯದ ಹಿನ್ನೀರು, ದಕ್ಷಿಣಕ್ಕೆ ಮಲಪ್ರಭೆ ಇದ್ದರೂ, ನಡುವಿನ ಎರೆ ಮತ್ತು ಮಸಾರಿ ಭೂಮಿಯ ಅನೇಕ ಊರುಗಳಿಗೆ ಇಂದಿಗೂ ಊರ ಕೆರೆಯೇ ದಿಕ್ಕು.

ಇತ್ತೀಚಿನ ವರ್ಷಗಳಲ್ಲಿ ಕೆರೆಗೆ ಹೊಸದೊಂದು ಬಳಕೆ ಬಂದಿದೆ. ಅದು ದೋಣಿ ವಿಹಾರ. ಬಾದಾಮಿ, ಐಹೊಳೆ, ಮತ್ತು 1987ರಲ್ಲಿ ವಿಶ್ವ ಪರಂಪರೆಯ ತಾಣವಾದ ಪಟ್ಟದಕಲ್ಲು ನೋಡಲು ಬರುವ ಪ್ರವಾಸಿಗರನ್ನು ಒಂದು ದಿನ ಹೆಚ್ಚು ನಿಲ್ಲಿಸಿಕೊಳ್ಳಬೇಕು, ಊರಿಗೆ ನಾಲ್ಕು ಕಾಸು ಬರಬೇಕು ಎಂಬ ಆಸೆ ತಪ್ಪಲ್ಲ. ಕೆರೆ ತುಂಬಿದೊಡನೆ ದೋಣಿ ಬಿಡುವ ಗುತ್ತಿಗೆಯ ಮಾತು ಪಂಚಾಯಿತಿಗಳ ಮುಂದೆ ಬರುವುದು ಸಹಜ. ಕಾಲಿನಿಂದ ತುಳಿಯುವ ದೋಣಿಯಿಂದ ಆರಂಭವಾದ ಮಾತು ಸ್ಪೀಡ್ ಬೋಟ್, ವಾಟರ್ ಸ್ಕೂಟರ್‌ಗಳವರೆಗೆ ಹೋಗುತ್ತದೆ.

ಬೇಸಾಯ ಶಾಸ್ತ್ರಕ್ಕೂ ದೋಣಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ದೋಣಿ ನೀರಿನ ಮೇಲೆ ಓಡುತ್ತದೆ, ಅದರ ಅಲೆ ಮಾತ್ರ ಒಡ್ಡಿಗೆ ಬಂದು ಬಡಿಯುತ್ತದೆ. ಒಡ್ಡು ಸವೆದರೆ, ನೀರು ರಾಡಿಯಾದರೆ ಅದರ ಫಲವನ್ನು ಉಣ್ಣುವವನು ಕೆರೆಯ ಕೆಳಗಿನ ಅಚ್ಚುಕಟ್ಟಿನ ರೈತ. ಆದ್ದರಿಂದ ಈ ವಿಷಯವನ್ನು ರೈತ ಬಾಂಧವರು ಸ್ವಲ್ಪ ವಿವರವಾಗಿ ತಿಳಿದಿರುವುದು ಒಳ್ಳೆಯದು.

ಅಲೆ ಎಬ್ಬಿಸಲೆಂದೇ ಮಾಡಿದ ದೋಣಿ

ಅಮೆರಿಕ, ಕೆನಡಾ ದೇಶಗಳ ಸರೋವರಗಳಲ್ಲಿ ವೇಕ್‌ಬೋಟ್ ಎಂಬ ದೋಣಿ ಈಗ ಬಳಕೆಯಲ್ಲಿದೆ. ನಮ್ಮ ಭಾಗದ ರೈತರಲ್ಲಿ ಹೆಚ್ಚಿನವರು ಇದನ್ನು ನೋಡಿರಲಾರರು. ಬೇರೆ ದೋಣಿಗಳನ್ನು ಆದಷ್ಟು ಕಡಿಮೆ ಅಲೆ ಏಳುವಂತೆ ರಚಿಸಿದರೆ, ಇದನ್ನು ದೊಡ್ಡ ಅಲೆ ಏಳಲೆಂದೇ ರಚಿಸುತ್ತಾರೆ. ದೋಣಿಯೊಳಗಿನ ತೊಟ್ಟಿಗಳಿಗೆ ಕೆರೆಯ ನೀರನ್ನೇ ತುಂಬಿಕೊಂಡು ಅದರ ಭಾರವನ್ನು ಹೆಚ್ಚಿಸುತ್ತಾರೆ. ಹಿಂಭಾಗ ಮುಳುಗಿ ಮುಂಭಾಗ ಮೇಲೇಳುತ್ತದೆ. ಹೀಗೆ ಗಂಟೆಗೆ 16ರಿಂದ 20 ಕಿ.ಮೀ. ವೇಗದಲ್ಲಿ ಓಡಿಸಿದಾಗ ದೋಣಿಯ ಬೆನ್ನಿಗೆ ಅರ್ಧ ಮೀಟರಿಗೂ ಮೀರಿದ ಅಲೆ ಏಳುತ್ತದೆ. ಆ ಅಲೆಯ ಮೇಲೆ ಹಲಗೆ ಹಾಕಿ ಆಟಗಾರ ಜಾರುತ್ತಾನೆ.

ನಮ್ಮಲ್ಲಿ ಓಡುವ ಸ್ಪೀಡ್ ಬೋಟ್ ಇಷ್ಟು ದೊಡ್ಡ ಅಲೆ ಎಬ್ಬಿಸದು. ಆದರೆ ಅಲೆ ಏಳುವ ಕ್ರಮ ಒಂದೇ. ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ದೂರ ಮಾಡಬೇಕು. ದೋಣಿ ಅತಿ ವೇಗವಾಗಿ ಓಡುವಾಗಲೇ ಅತಿ ದೊಡ್ಡ ಅಲೆ ಏಳುತ್ತದೆ ಎಂದು ಹಲವರು ಭಾವಿಸುತ್ತಾರೆ. ನಿಜವಾಗಿ ಹಾಗಲ್ಲ. ಪೂರ್ಣ ವೇಗದಲ್ಲಿ ದೋಣಿ ನೀರಿನ ಮೇಲ್ಮೈಗೆ ಎದ್ದು ಜಾರುತ್ತದೆ. ನಿಂತ ದೋಣಿ ವೇಗ ಪಡೆಯುವ ನಡುವಿನ ಹಂತದಲ್ಲಿ, ಮುಂಭಾಗ ಮೇಲೆದ್ದು ಹಿಂಭಾಗ ನೀರನ್ನು ಅಗೆಯುವಂತೆ ಕುಳಿತಾಗ, ಅಲೆ ಅತಿ ದೊಡ್ಡದಾಗಿರುತ್ತದೆ. ಪ್ರವಾಸಿಗರನ್ನು ಹತ್ತಿಸಿ ಇಳಿಸುವ ದೋಣಿ ಈ ಹಂತವನ್ನು ಪ್ರತಿ ಸುತ್ತಿನಲ್ಲಿಯೂ ದಂಡೆಯ ಹತ್ತಿರವೇ ದಾಟುತ್ತದೆ. ಜನರು ಹೆಚ್ಚು ಕುಳಿತಷ್ಟೂ ಭಾರ ಹೆಚ್ಚಿ ಅಲೆಯೂ ಹೆಚ್ಚುತ್ತದೆ. ಅಲೆಯೇ ಏಳದಂತೆ ಓಡಿಸಬೇಕಾದರೆ ವೇಗ ಗಂಟೆಗೆ ಸುಮಾರು 8 ಕಿ.ಮೀ. ಒಳಗಿರಬೇಕು. ಅಂದರೆ ಬಿರುಸಾಗಿ ನಡೆಯುವ ಮನುಷ್ಯನಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಗಾಳಿಯ ಅಲೆ, ದೋಣಿಯ ಅಲೆ

ಗಾಳಿಗೂ ಅಲೆ ಏಳುತ್ತದೆಯಲ್ಲ, ಒಡ್ಡು ಅದನ್ನು ತಡೆದುಕೊಂಡಿಲ್ಲವೇ ಎಂಬ ಪ್ರಶ್ನೆ ಸರಿಯಾದದ್ದೇ. ಗಾಳಿಯ ಅಲೆಯ ಎತ್ತರವು ಗಾಳಿಯ ವೇಗ ಮತ್ತು ಅದು ನೀರಿನ ಮೇಲೆ ತಡೆಯಿಲ್ಲದೆ ಓಡುವ ದೂರ, ಇವೆರಡನ್ನು ಅವಲಂಬಿಸಿದೆ. ಒಂದು ಕಿ.ಮೀ. ಉದ್ದದ ಕೆರೆಯ ಮೇಲೆ ಗಂಟೆಗೆ 36 ಕಿ.ಮೀ. ವೇಗದ ಗಾಳಿ ಬೀಸಿದರೆ, ಲೆಕ್ಕದ ಪ್ರಕಾರ ಏಳುವ ಅಲೆ ಸುಮಾರು 15 ಸೆಂ.ಮೀ. ಎತ್ತರದ್ದು. ಅದರ ಒಂದು ನೆತ್ತಿಯಿಂದ ಇನ್ನೊಂದು ನೆತ್ತಿಗೆ 3 ಮೀಟರಿಗಿಂತ ಕಡಿಮೆ ದೂರ. ಇಂಥ ಅಲೆಯನ್ನು ನಮ್ಮ ಕೆರೆಯ ಒಡ್ಡುಗಳು ಬಹಳ ಕಾಲದಿಂದ ತಡೆದುಕೊಂಡಿವೆ.

ಅಲೆಯ ಬಲ ಅದರ ಎತ್ತರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಎತ್ತರ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. 15 ಸೆಂ.ಮೀ. ಅಲೆಗೆ ಒಗ್ಗಿದ ಒಡ್ಡಿಗೆ 45 ಸೆಂ.ಮೀ. ಅಲೆ ಬಡಿದರೆ ಅದು ಒಂಬತ್ತು ಪಟ್ಟು ಬಲದ ಹೊಡೆತ ಎಂದು ತಿಳಿಯಬೇಕು.

ಆಳದಲ್ಲಿಯೂ ವ್ಯತ್ಯಾಸವಿದೆ. ಅಲೆಯ ಕಲಕಾಟ ಅದರ ಉದ್ದದ ಅರ್ಧದಷ್ಟು ಆಳದವರೆಗೆ ಇಳಿಯುತ್ತದೆ. ಮೂರು ಮೀಟರ್ ಉದ್ದದ ಗಾಳಿಯ ಅಲೆ ಒಂದೂವರೆ ಮೀಟರ್ ಆಳದವರೆಗೆ ನೀರನ್ನು ಕದಡಿದರೆ, ಒಂಬತ್ತು-ಹತ್ತು ಮೀಟರ್ ಉದ್ದದ ದೋಣಿಯ ಅಲೆ ನಾಲ್ಕೂವರೆಯಿಂದ ಐದು ಮೀಟರ್‌ವರೆಗೆ ಕದಡಬಲ್ಲದು. ಇದಲ್ಲದೆ ಭಾರದ ದೋಣಿಯ ಯಂತ್ರದ ಪಂಖವು ನೀರನ್ನು ಹಿಂದಕ್ಕೂ ಕೆಳಕ್ಕೂ ರಭಸವಾಗಿ ತಳ್ಳುತ್ತದೆ.

ಬೇರೆ ದೇಶಗಳ ಅಳತೆಗಳು

ಈ ಪ್ರಶ್ನೆಯನ್ನು ಬೇರೆ ದೇಶಗಳ ವಿಜ್ಞಾನಿಗಳು ನೀರಿನಲ್ಲಿ ಉಪಕರಣಗಳನ್ನಿಟ್ಟು ಅಳೆದು ನೋಡಿದ್ದಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮೆಂಫ್ರೆಮೆಗಾಗ್ ಮತ್ತು ಲವರಿಂಗ್ ಸರೋವರಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಥ ದೋಣಿಗಳು ದಂಡೆಯಿಂದ 300 ಮೀಟರ್ ದೂರದಲ್ಲಿರಬೇಕೆಂದು ಸಲಹೆ ಮಾಡಿತು. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಜಲಪ್ರಯೋಗಾಲಯವು 2022ರಲ್ಲಿ ಇನ್ನೊಂದು ಅಳತೆಯನ್ನು ಪ್ರಕಟಿಸಿತು. ಸಾಮಾನ್ಯ ಮೋಜಿನ ದೋಣಿಯ ಅಲೆ 200 ಅಡಿ ದೂರದಲ್ಲಿ ಯಾವ ಮಟ್ಟಕ್ಕೆ ಇಳಿಯುತ್ತದೆಯೋ, ಆ ಮಟ್ಟಕ್ಕೆ ಇಳಿಯಲು ವೇಕ್‌ಬೋಟಿನ ಅಲೆಗೆ 500 ಅಡಿಗೂ ಹೆಚ್ಚು ದೂರ ಬೇಕಾಗುತ್ತದೆ ಎಂದು ಅದರಲ್ಲಿ ಕಂಡುಬಂದಿತು.

ಅಮೆರಿಕದ ವರ್ಮಾಂಟ್ ರಾಜ್ಯ 2024ರಲ್ಲಿ ಇದನ್ನು ನಿಯಮವನ್ನಾಗಿ ಮಾಡಿತು. ಅದರಂತೆ ವೇಕ್‌ಬೋಟ್ ಆಟಕ್ಕೆ ಮೂರು ಷರತ್ತುಗಳಿವೆ.

1. ದಂಡೆಯಿಂದ ಕನಿಷ್ಠ 500 ಅಡಿ, ಅಂದರೆ ಸುಮಾರು 150 ಮೀಟರ್ ದೂರ.
2. ಕನಿಷ್ಠ 20 ಅಡಿ, ಅಂದರೆ ಸುಮಾರು 6 ಮೀಟರ್ ಆಳ.
3. ಇವೆರಡೂ ಇರುವ ಜಾಗ ಒಂದೇ ಕಡೆ ಕನಿಷ್ಠ 50 ಎಕರೆ.

ದೂರ, ಆಳ, ವಿಸ್ತಾರ ಈ ಮೂರನ್ನೂ ಒಟ್ಟಿಗೆ ಕೇಳುವ ಕಾರಣದಿಂದ ಈ ನಿಯಮ ನಮಗೂ ಒಂದು ಒರೆಗಲ್ಲಾಗಬಲ್ಲದು. ಇದು ಅತಿ ದೊಡ್ಡ ಅಲೆಯ ದೋಣಿಗೆ ಮಾಡಿದ ನಿಯಮ. ನಮ್ಮ ಸ್ಪೀಡ್ ಬೋಟಿಗೆ ದೂರ ಸ್ವಲ್ಪ ಕಡಿಮೆ ಸಾಕಾಗಬಹುದು. ಆದರೆ ಕೇಳಬೇಕಾದ ಪ್ರಶ್ನೆಗಳು ಇವೇ.

ನಮ್ಮ ಕೆರೆಗೆ ಲೆಕ್ಕ ಹಾಕಿದರೆ

ಕೆರೆ ಪೂರ್ತಿ ದುಂಡಗಿದೆ ಎಂದು ಭಾವಿಸಿ, ದಂಡೆಯ ಸುತ್ತ ನಿಗದಿಯಾದ ದೂರವನ್ನು ಬಿಟ್ಟು ಒಳಗೆ ಎಷ್ಟು ಜಾಗ ಉಳಿಯುತ್ತದೆ ಎಂದು ಲೆಕ್ಕ ಮಾಡಿದರೆ ಹೀಗೆ ಬರುತ್ತದೆ. (ಒಂದು ಹೆಕ್ಟೇರು ಎಂದರೆ ಸುಮಾರು ಎರಡೂವರೆ ಎಕರೆ.)

10 ಹೆಕ್ಟೇರಿನ ಕೆರೆ: 150 ಮೀ. ಬಿಟ್ಟರೆ ಉಳಿಯುವುದು ಕಾಲು ಹೆಕ್ಟೇರು; 300 ಮೀ. ಬಿಟ್ಟರೆ ಏನೂ ಉಳಿಯದು.
20 ಹೆಕ್ಟೇರಿನ ಕೆರೆ: 150 ಮೀ. ಬಿಟ್ಟರೆ ಸುಮಾರು 3 ಹೆಕ್ಟೇರು, 300 ಮೀ. ಬಿಟ್ಟರೆ ಏನೂ ಉಳಿಯದು.
50 ಹೆಕ್ಟೇರಿನ ಕೆರೆ: 150 ಮೀ. ಬಿಟ್ಟರೆ ಸುಮಾರು 19 ಹೆಕ್ಟೇರು, 300 ಮೀ. ಬಿಟ್ಟರೆ ಸುಮಾರು 3 ಹೆಕ್ಟೇರು.
100 ಹೆಕ್ಟೇರಿನ ಕೆರೆ: 150 ಮೀ. ಬಿಟ್ಟರೆ ಸುಮಾರು 54 ಹೆಕ್ಟೇರು, 300 ಮೀ. ಬಿಟ್ಟರೆ ಸುಮಾರು 22 ಹೆಕ್ಟೇರು.

ಯಾವ ಕೆರೆಯೂ ಪೂರ್ತಿ ದುಂಡಗಿರುವುದಿಲ್ಲ. ಕೆರೆ ಉದ್ದವಾಗಿ, ಕೊರಕಲಾಗಿ ಇದ್ದಷ್ಟೂ ಒಳಗೆ ಉಳಿಯುವ ಜಾಗ ಈ ಲೆಕ್ಕಕ್ಕಿಂತ ಕಡಿಮೆಯಾಗುತ್ತದೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ನೀರಾವರಿಗೆಂದು ಮಳೆನೀರು ಹಿಡಿಯಲು ಕಟ್ಟಿದ್ದು, ಸುಮಾರು 50 ಹೆಕ್ಟೇರಿನದು. ಅಷ್ಟು ದೊಡ್ಡ ಕೆರೆಯೂ ವರ್ಮಾಂಟಿನ 50 ಎಕರೆಯ, ಅಂದರೆ 20 ಹೆಕ್ಟೇರಿನ ಷರತ್ತನ್ನು ಮುಟ್ಟುವುದು ಕಷ್ಟ.

ಆಳ ಇರುವಲ್ಲಿ ಒಡ್ಡು, ಒಡ್ಡು ಇಲ್ಲದಲ್ಲಿ ಹೂಳು

ವಿಸ್ತಾರಕ್ಕಿಂತ ಮುಖ್ಯವಾದ ಮಾತು ಆಳದ್ದು. ಕೆನಡಾ ಹಾಗೂ ಉತ್ತರ ಅಮೆರಿಕದ ಅನೇಕ ಸರೋವರಗಳು ಪ್ರಕೃತಿ ತೋಡಿದ ಕುಳಿಗಳು. ಅವುಗಳ ಆಳ ಸಾಮಾನ್ಯವಾಗಿ ದಂಡೆಯಿಂದ ದೂರ, ನಡುವಿನಲ್ಲಿ ಇರುತ್ತದೆ. ದೋಣಿ ನಡುವಿಗೆ ಹೋದರೆ ದೂರವೂ ಸಿಕ್ಕಿತು, ಆಳವೂ ಸಿಕ್ಕಿತು.

ನಮ್ಮ ಕೆರೆಯ ರಚನೆ ಇದಕ್ಕೆ ಹೊರತು. ಹಳ್ಳಕ್ಕೆ ಅಡ್ಡಲಾಗಿ ಒಡ್ಡು ಹಾಕಿ ಹಿರಿಯರು ಕೆರೆ ಕಟ್ಟಿದರು. ಆದ್ದರಿಂದ ಅತಿ ಹೆಚ್ಚಿನ ಆಳ ಒಡ್ಡಿನ ಬುಡದಲ್ಲಿ, ತೂಬಿನ ಹತ್ತಿರ ಇರುತ್ತದೆ. ಒಡ್ಡಿನಿಂದ ಹಿಂದಕ್ಕೆ ಸರಿದಂತೆ ನೀರು ತೆಳುವಾಗುತ್ತ, ಕೆರೆಯಂಗಳದ ಹೂಳಿನ ಮೇಲೆ ಮೊಣಕಾಲುದ್ದಕ್ಕೆ ಬರುತ್ತದೆ.

ಇದರ ಪರಿಣಾಮವೇನು? ಆಳ ಬೇಕೆಂದು ದೋಣಿಯವನು ಒಡ್ಡಿನ ಕಡೆ ಬಂದರೆ ಅಲೆ ಒಡ್ಡಿಗೆ ನೇರವಾಗಿ ಬಡಿಯುತ್ತದೆ. ಒಡ್ಡಿನಿಂದ ದೂರ ಇರಬೇಕೆಂದು ಹಿಂದಕ್ಕೆ ಹೋದರೆ ತೆಳುನೀರಿನಲ್ಲಿ ಹೂಳು ಕದಡುತ್ತದೆ. ದೂರ ಮತ್ತು ಆಳ ಎರಡೂ ಒಂದೇ ಜಾಗದಲ್ಲಿ ಸಿಗುವುದು ಒಡ್ಡು ಕಟ್ಟಿದ ಸಣ್ಣ, ನಡುತರದ ಕೆರೆಗಳಲ್ಲಿ ಬಹಳ ಅಪರೂಪ. ಬೇರೆ ದೇಶದಲ್ಲಿ ಸರಿಹೋದ ದೋಣಿ ನಮ್ಮ ಕೆರೆಯಲ್ಲಿ ಸರಿಹೋಗದಿರಲು ಮುಖ್ಯ ಕಾರಣ ಇದೇ.

ಒಡ್ಡಿಗೆ ಆಗುವ ಹಾನಿ

ಒಡ್ಡಿನ ಒಳಮೈಗೆ ಕಲ್ಲು ಹೊದಿಸಿರುತ್ತಾರೆ. ಕಲ್ಲಿನ ಕೆಳಗೆ ಗರಸು ಅಥವಾ ಜಲ್ಲಿ, ಅದರ ಕೆಳಗೆ ಮಣ್ಣು. ಅಲೆ ಏರುವಾಗ ಕಲ್ಲುಗಳ ಸಂದಿನಲ್ಲಿ ನೀರು ನುಗ್ಗುತ್ತದೆ, ಇಳಿಯುವಾಗ ಆ ನೀರು ನಯವಾದ ಮಣ್ಣನ್ನು ಎಳೆದುಕೊಂಡು ಹೊರಗೆ ಬರುತ್ತದೆ. ಒಂದು ಅಲೆಯಿಂದ ಏನೂ ಕಾಣದು. ಆದರೆ ದೋಣಿಯೊಂದು ಹದಿನೈದು ನಿಮಿಷಕ್ಕೆ ಒಂದು ಸುತ್ತು ಹಾಕಿದರೆ 8 ಗಂಟೆಯಲ್ಲಿ 32 ಸುತ್ತಾಗುತ್ತದೆ. ಪ್ರತಿ ಸುತ್ತಿಗೂ ಅಲೆಗಳ ಒಂದು ಸಾಲು ಒಡ್ಡಿಗೆ ಬರುತ್ತದೆ. ತಿಂಗಳುಗಟ್ಟಲೆ ಹೀಗಾದರೆ ಕಲ್ಲಿನ ಹಿಂದೆ ಪೊಳ್ಳು ಬೀಳುತ್ತದೆ, ಕಲ್ಲು ಕುಸಿಯುತ್ತದೆ. ಕಲ್ಲು ಜಾರಿಹೋದ ಜಾಗದಲ್ಲಿ ನೀರಿನ ಅಂಚಿಗೆ ಮೆಟ್ಟಿಲಿನಂತೆ ಕೊರೆತ ಕಾಣಿಸಿಕೊಳ್ಳುತ್ತದೆ.

ಎರೆಮಣ್ಣು ಬಳಸಿದ ಒಡ್ಡುಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಎರೆಮಣ್ಣು ಒಣಗಿದಾಗ ಬಿರಿಯುತ್ತದೆ, ನೆಂದಾಗ ಉಬ್ಬಿ ಮೆತ್ತಗಾಗುತ್ತದೆ. ಬೇಸಿಗೆಯ ಬಿರುಕಿಗೆ ಹೊಸ ನೀರು ತುಂಬಿ ಇನ್ನೂ ಕೂಡಿಕೊಳ್ಳುವ ಹೊತ್ತಿಗೆ, ಅಂದರೆ ಅಕ್ಟೋಬರ್ ಸುಮಾರಿಗೆ, ದೋಣಿ ವಿಹಾರದ ಕಾಲವೂ ಆರಂಭವಾಗುತ್ತದೆ.

ಕಲ್ಲಿನ ಒಡ್ಡಿಗೆ ಬಡಿದ ಅಲೆ ಅಲ್ಲಿಯೇ ಸಾಯುವುದಿಲ್ಲ, ತಿರುಗಿ ಬರುತ್ತದೆ. ಬರುವ ಅಲೆಯೂ ಮರಳುವ ಅಲೆಯೂ ಸೇರಿದ ಕಡೆ ನೀರು ಎತ್ತರಕ್ಕೆ ಪುಟಿಯುತ್ತದೆ. ಹರಿಗೋಲಿನಲ್ಲಿ ಕುಳಿತವನಿಗೆ ಇದು ಅಪಾಯ. ಹಳೆಯ ಕಟ್ಟಡಗಳು ದಂಡೆಯಲ್ಲಿಯೇ ಇರುವ ನೀರಿಗೆ ಇದೇ ಮಾತು ಅನ್ವಯಿಸುತ್ತದೆ. ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಭೂತನಾಥ ದೇವಾಲಯ ನೀರಿನ ಅಂಚಿಗೇ ನಿಂತಿದೆ. ಅಂಥಲ್ಲಿ ಅಲೆಯಿಲ್ಲದ ನಿಶ್ಚಲ ನೀರೇ ರಕ್ಷಣೆ.

ರಾಡಿ ನೀರು ಮತ್ತು ಬೆಳೆ

ಕೆರೆಯ ಹೂಳು ಎಂದರೆ ನಮ್ಮ ಹೊಲಗಳಿಂದ ಕೊಚ್ಚಿಹೋದ ನಯವಾದ ಮಣ್ಣೇ. ಕದಡಿದ ಮರಳು ಬೇಗ ತಳಕ್ಕೆ ಇಳಿಯುತ್ತದೆ. ಒಂದು ಮಿ.ಮೀ.ನ ಹತ್ತನೆಯ ಒಂದು ಭಾಗದಷ್ಟು ಗಾತ್ರದ ಮರಳಿನ ಕಣ ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ಸಾಕು. ಆದರೆ ಜೇಡಿಕಣದ ಗಾತ್ರ ಒಂದು ಮಿ.ಮೀ.ನ ಐನೂರನೆಯ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಆ ಗಾತ್ರದ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಮೂರು ದಿನಕ್ಕೂ ಹೆಚ್ಚು ಬೇಕು. ಅದರ ಅರ್ಧ ಗಾತ್ರದ್ದಾದರೆ ನಾಲ್ಕು ಪಟ್ಟು ಸಮಯ ಬೇಕು. ಎರೆನಾಡಿನ ಕೆರೆಯ ಹೂಳಿನಲ್ಲಿ ಇಂಥ ಕಣಗಳೇ ಹೆಚ್ಚು. ಶನಿವಾರ, ಭಾನುವಾರ ಕದಡಿದ ನೀರು ಮುಂದಿನ ಶನಿವಾರದೊಳಗೆ ಪೂರ್ತಿ ತಿಳಿಯಾಗದಿರಬಹುದು.

ರಾಡಿ ನೀರಿನಿಂದ ರೈತನಿಗೆ ಆಗುವ ತೊಂದರೆಗಳು ಹಲವು. ಕೆರೆಯಿಂದ ನೀರೆತ್ತಿ ಹನಿ ನೀರಾವರಿ ಮಾಡುವವರ ಶೋಧಕಗಳು ಬೇಗ ಕಟ್ಟಿಕೊಳ್ಳುತ್ತವೆ. ಅತಿ ನಯವಾದ ಜೇಡಿ ಶೋಧಕವನ್ನೂ ದಾಟಿ ಹನಿಕೆಗಳಲ್ಲಿ ಕೂರುತ್ತದೆ. ಹೂಳಿನಲ್ಲಿ ಹೊಲದ ಗೊಬ್ಬರದ ರಂಜಕವೂ ಸೇರಿರುತ್ತದೆ. ಹೂಳು ಕದಡಿದಾಗ ಅದರ ಒಂದಂಶ ನೀರಿಗೆ ಬಿಡುಗಡೆಯಾಗಿ ಪಾಚಿ ಬೆಳೆಯಲು ಅನುಕೂಲವಾಗುತ್ತದೆ. ಕೆಲವು ಜಾತಿಯ ನೀಲಿ-ಹಸಿರು ಪಾಚಿ ದನಗಳಿಗೆ ವಿಷಕರ. ಕುಡಿಯುವ ನೀರು ಶುದ್ಧಮಾಡುವ ಕೆಲಸವೂ ಕಷ್ಟವಾಗುತ್ತದೆ.

ಕಳೆಯ ವಿಷಯವನ್ನೂ ಮರೆಯಬಾರದು. ಒಂದು ಕೆರೆಯಿಂದ ಇನ್ನೊಂದಕ್ಕೆ ಒಯ್ಯುವ ದೋಣಿಯ ತಳಕ್ಕೆ, ಪಂಖಕ್ಕೆ, ಎಳೆಯುವ ಗಾಡಿಗೆ ಅಂತರಗಂಗೆಯ ಒಂದು ಚೂರು ಅಂಟಿದ್ದರೂ ಸಾಕು, ಹೊಸ ಕೆರೆಯಲ್ಲಿ ಅದು ಬೇರೂರುತ್ತದೆ. ನೀರು ತುಂಬಿಕೊಳ್ಳುವ ವೇಕ್‌ಬೋಟಿನ ತೊಟ್ಟಿಯಲ್ಲಿಯೂ ಹೀಗೆ ಜೀವಿಗಳು ಪ್ರಯಾಣ ಮಾಡುತ್ತವೆ.

ಕೆರೆಯ ಉಳಿದ ಪಾಲುದಾರರು

ಮೀನುಗಾರರು: ಕೆರೆಯ ಮೀನಿನ ಹಕ್ಕನ್ನು ಗುತ್ತಿಗೆ ಹಿಡಿದ ಸಹಕಾರ ಸಂಘದವರು ಮರಿ ಬಿಟ್ಟು, ತಿಂಗಳುಗಟ್ಟಲೆ ಕಾದು ಬಲೆ ಹಾಕುತ್ತಾರೆ. ದೋಣಿಯ ಪಂಖಕ್ಕೆ ಸಿಕ್ಕ ಬಲೆ ಹರಿದರೆ ನಷ್ಟ ಅವರದು. ಸಾಮಾನ್ಯ ಗೆಂಡೆಯಂಥ ಮೀನು ದಂಡೆಯ ಜಲಸಸ್ಯಗಳಿಗೆ ಮೊಟ್ಟೆ ಅಂಟಿಸುತ್ತದೆ. ಅಲೆಯ ಹೊಡೆತಕ್ಕೆ ಸಸ್ಯ ಕಿತ್ತುಬಂದರೆ ಮೊಟ್ಟೆಯೂ ಹೋಯಿತು, ಮರಿಗಳ ಆಸರೆಯೂ ಹೋಯಿತು.

ದನಗಾಹಿಗಳು, ಬಟ್ಟೆ ಒಗೆಯುವವರು: ಇವರು ಬಳಸುವುದು ದಂಡೆಯ ತೆಳುನೀರನ್ನೇ. ಅನಿರೀಕ್ಷಿತವಾಗಿ ಬರುವ ಅಲೆಗೆ ಮಕ್ಕಳು, ಕರುಗಳು ಕಾಲು ತಪ್ಪುವುದುಂಟು.

ಹಕ್ಕಿಗಳು: ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. 2024ರಲ್ಲಿ ಈ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವೆಂಬ ಮನ್ನಣೆ ಸಿಕ್ಕಿತು. ಆ ಹಕ್ಕಿಗಳು ಅಲ್ಲಿ ನಿಲ್ಲುವುದು ವಿಶ್ರಾಂತಿಗೆ ಶಾಂತವಾದ ನೀರಿರುವುದರಿಂದ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ನೀರು ಇಳಿದ ಕಾಲಕ್ಕೆ ನದಿ ರೀವ ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ನೀರಿನ ಅಂಚಿನ ಗೂಡಿಗೆ ಒಂದು ಅಲೆ ಸಾಕು. ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟಿನಲ್ಲಿ ಪ್ರವಾಸಿಗರನ್ನು ಹುಟ್ಟು ಹಾಕುವ ದೋಣಿಯಲ್ಲಿ ಒಯ್ಯುತ್ತಾರೆ. ಹಕ್ಕಿಗಳೂ ಉಳಿದಿವೆ, ಪ್ರವಾಸಿಗರೂ ಬರುತ್ತಿದ್ದಾರೆ. ದೋಣಿ ವಿಹಾರ ಎಂದರೆ ಯಂತ್ರವೇ ಆಗಬೇಕೆಂದಿಲ್ಲ ಎಂಬುದಕ್ಕೆ ಇದು ನಮ್ಮ ರಾಜ್ಯದ್ದೇ ಉದಾಹರಣೆ.

ಇಲ್ಲಿ ಗಮನಿಸಬೇಕಾದದ್ದು ಕಾಲ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಪ್ರವಾಸಿಗರು ಬರುತ್ತಾರೆ. ವಲಸೆ ಹಕ್ಕಿಗಳೂ ಬಹುತೇಕ ಇದೇ ಹೊತ್ತಿಗೆ ಇರುತ್ತವೆ. ಹಿಂಗಾರಿ ಜೋಳ, ಕಡಲೆ, ಸೂರ್ಯಕಾಂತಿಗೆ ನೀರು ಬೇಕಾಗುವುದೂ ಆಗಲೇ. ತೂಬು ಎತ್ತಿದಂತೆ ಕೆರೆ ಕಿರಿದಾಗುತ್ತದೆ, ಆಳ ಕಡಿಮೆಯಾಗುತ್ತದೆ. ಅಕ್ಟೋಬರಿನಲ್ಲಿ ದೋಣಿಗೆ ಸಾಕೆನಿಸಿದ ಕೆರೆ ಜನವರಿಯಲ್ಲಿ ಸಾಕಾಗದು.

ಆಲಮಟ್ಟಿ ಹಿನ್ನೀರಿನ ಮಾತು

ಕೃಷ್ಣಾ, ಘಟಪ್ರಭಾ ನದಿಗಳ ಹಿನ್ನೀರು ಊರ ಕೆರೆಯಂತಲ್ಲ. 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಆಲಮಟ್ಟಿಯಲ್ಲಿ ಸುಮಾರು 123 ಟಿ.ಎಂ.ಸಿ. ನೀರು ನಿಲ್ಲುತ್ತದೆ. ದೂರವೂ ಆಳವೂ ಇರುವ ಜಾಗ ಅಲ್ಲಿ ಸಿಗುತ್ತದೆ. ಮೋಟಾರು ದೋಣಿಯ ಆಟ ಬೇಕೇ ಬೇಕೆಂದಾದರೆ ಊರ ಕೆರೆಗಿಂತ ಅಂಥ ಜಾಗವೇ ಮೇಲು.

ಅಲ್ಲಿಯೂ ಒಂದು ಎಚ್ಚರ ಅಗತ್ಯ. ನಮ್ಮ ಸಮತಟ್ಟಾದ ಎರೆಭೂಮಿಯಲ್ಲಿ ನೀರಿನ ಮಟ್ಟ ಸ್ವಲ್ಪ ಇಳಿದರೂ ದಂಡೆ ಬಹಳ ದೂರ ಸರಿಯುತ್ತದೆ. ತುಂಬಿದ ಕಾಲದಲ್ಲಿ ದಂಡೆಯಿಂದ ದೂರವಾಗಿದ್ದ ಜಾಗ ಮಾರ್ಚ್ ಹೊತ್ತಿಗೆ ದಂಡೆಯೇ ಆಗಿರಬಹುದು. ರಾಜಹಂಸ ಹಕ್ಕಿಗಳು ಮೇಯುವುದೂ ಇಂಥ ತೆಳುನೀರಿನಲ್ಲಿಯೇ. ಆದ್ದರಿಂದ ದೋಣಿಯ ಗಡಿಯನ್ನು ತೋರಿಸುವ ತೇಲುಗುರುತುಗಳನ್ನು ನೀರಿನ ಮಟ್ಟ ಇಳಿದಂತೆ ಒಳಕ್ಕೆ ಸರಿಸಬೇಕು. ಒಮ್ಮೆ ಹಾಕಿದ ಗುರುತು ವರ್ಷವಿಡೀ ನಡೆಯದು.

ಕಾನೂನು ಎಷ್ಟರ ಮಟ್ಟಿಗೆ ಕಾಯುತ್ತದೆ

ಕೇಂದ್ರ ಸರ್ಕಾರದ 2021ರ ಒಳನಾಡು ಹಡಗುಗಳ ಕಾಯ್ದೆಯು ಯಂತ್ರಚಾಲಿತ ದೋಣಿಗಳ ನೋಂದಣಿ, ತಪಾಸಣೆ, ಸುರಕ್ಷತೆಗಳಿಗೆ ಸಂಬಂಧಿಸಿದ್ದು. 2017ರ ಜೌಗುಭೂಮಿ ಸಂರಕ್ಷಣಾ ನಿಯಮಗಳ ವ್ಯಾಖ್ಯೆಯಿಂದ ಕುಡಿಯುವ ನೀರಿಗಾಗಿ, ನೀರಾವರಿಗಾಗಿ ಮನುಷ್ಯರು ಕಟ್ಟಿದ ಜಲಾಶಯಗಳನ್ನು ಹೊರಗಿಡಲಾಗಿದೆ. ಅಂದರೆ ನಮ್ಮ ಬಹುತೇಕ ಕೆರೆಗಳಿಗೆ ಆ ರಕ್ಷಣೆ ತಾನಾಗಿ ಸಿಗುವುದಿಲ್ಲ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಭೋಪಾಲದ ದೊಡ್ಡ ಕೆರೆಯೂ ನಮ್ಮವುಗಳಂತೆ ಮಣ್ಣಿನ ಒಡ್ಡು ಹಾಕಿ ಕಟ್ಟಿದ್ದೇ. ಅದನ್ನು ಭೋಜರಾಜ ಕಟ್ಟಿಸಿದನೆಂಬ ಪ್ರತೀತಿಯಿದೆ. ಆ ನಗರಕ್ಕೆ ಅದು ಕುಡಿಯುವ ನೀರಿನ ಆಧಾರ. 2023ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಕೆರೆಯಲ್ಲಿ ಯಂತ್ರಚಾಲಿತ ವಿಹಾರ ದೋಣಿಗಳನ್ನು ನಿಲ್ಲಿಸುವಂತೆ ಆದೇಶಿಸಿತು. ಆದರೆ ಪ್ರತಿ ಊರಿನವರೂ ನ್ಯಾಯಮಂಡಳಿಗೆ ಹೋಗಲಾರರು. ಕರ್ನಾಟಕದಲ್ಲಿ 40 ಹೆಕ್ಟೇರಿನವರೆಗೆ ಅಚ್ಚುಕಟ್ಟು ಇರುವ ಕೆರೆಗಳು ಜಿಲ್ಲಾ ಪಂಚಾಯಿತಿಯ ಹೊಣೆ, 40ರಿಂದ 2000 ಹೆಕ್ಟೇರು ಅಚ್ಚುಕಟ್ಟಿನವು ಸಣ್ಣ ನೀರಾವರಿ ಇಲಾಖೆಯ ಹೊಣೆ. ದೋಣಿಯ ಗುತ್ತಿಗೆ ಆಗುವ ಮುನ್ನವೇ ಅಚ್ಚುಕಟ್ಟಿನ ರೈತರು ಇವರ ಮುಂದೆ ಅಳತೆಯ ಸಮೇತ ತಮ್ಮ ಮಾತನ್ನು ಬರವಣಿಗೆಯಲ್ಲಿ ಇಡಬೇಕು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ.

ನೀವೇ ಮಾಡಬಹುದಾದ ಅಳತೆಗಳು

ಈ ಅಳತೆಗಳಿಗೆ ಬೆಲೆಬಾಳುವ ಉಪಕರಣಗಳು ಬೇಡ.

1. ಆಳ: ಹಗ್ಗಕ್ಕೆ ಅರ್ಧ ಮೀಟರಿಗೊಂದು ಗಂಟು ಹಾಕಿ ತುದಿಗೆ ಕಲ್ಲು ಕಟ್ಟಿರಿ. ಈಜು ಬಲ್ಲ ಮೀನುಗಾರರ ನೆರವಿನಿಂದ, ಹರಿಗೋಲಿನಲ್ಲಿ ಕುಳಿತು, ಒಡ್ಡಿನಿಂದ ಹಿನ್ನೀರಿನ ಕಡೆಗೆ ಐವತ್ತು ಮೀಟರಿಗೊಮ್ಮೆ ಇಳಿಬಿಟ್ಟು ಬರೆದುಕೊಳ್ಳಿರಿ. ಕೆರೆ ತುಂಬಿದಾಗ ಒಮ್ಮೆ, ಜನವರಿಯಲ್ಲಿ ಒಮ್ಮೆ ಅಳೆಯಿರಿ.

2. ಅಗಲ: ಕೆರೆಯ ಅತಿ ಕಿರಿದಾದ ಅಗಲ 300 ಮೀಟರಿಗಿಂತ ಕಡಿಮೆಯಿದ್ದರೆ ಎರಡೂ ದಂಡೆಯಿಂದ 150 ಮೀಟರ್ ದೂರವಿರುವ ಜಾಗವೇ ಅಲ್ಲಿ ಇಲ್ಲವೆಂದು ತಿಳಿಯಿರಿ.

3. ತಿಳಿತನ: ಅಂಗೈಯಗಲದ ಬಿಳಿ ತಟ್ಟೆಗೆ ದಾರ ಕಟ್ಟಿ ನೀರಿಗೆ ಇಳಿಸಿ, ಅದು ಕಣ್ಣಿಗೆ ಮರೆಯಾಗುವ ಆಳವನ್ನು ಗುರುತಿಸಿರಿ. ದೋಣಿ ಓಡುವ ಮುನ್ನ, ಓಡಿದ ಸಂಜೆ, ಮೂರು ದಿನದ ನಂತರ ಒಂದೇ ಜಾಗದಲ್ಲಿ ಅಳೆದರೆ ವ್ಯತ್ಯಾಸ ತಿಳಿಯುತ್ತದೆ.

4. ಕೊರೆತ: ಕಲ್ಲಿಲ್ಲದ ದಂಡೆಯಲ್ಲಿ ನೀರಿನ ಅಂಚಿನಿಂದ ಒಂದು ಮೀಟರ್ ಮೇಲೆ ಗೂಟಗಳನ್ನು ನೆಟ್ಟು, ಗೂಟದಿಂದ ಕೊರೆತದ ಅಂಚಿಗಿರುವ ದೂರವನ್ನು ತಿಂಗಳಿಗೊಮ್ಮೆ ಬರೆದಿಡಿರಿ.

5. ಬಳಕೆದಾರರ ಪಟ್ಟಿ: ಕೆರೆಯನ್ನು ಯಾರು, ಯಾವ ತಿಂಗಳು, ಯಾವ ದಂಡೆಯಲ್ಲಿ ಬಳಸುತ್ತಾರೆಂದು ಬರೆಯಿರಿ. ಈ ಪಟ್ಟಿಯಿಲ್ಲದೆ ಯಾವ ಗುತ್ತಿಗೆಯನ್ನೂ ಚರ್ಚಿಸಬಾರದು.

ದಂಡೆಯ ರಕ್ಷಣೆ

ಗಾಳಿಯ ಅಲೆಗೂ ಈ ಕ್ರಮಗಳು ಉಪಯುಕ್ತ. ಒಡ್ಡಿನ ಒಳಮೈಯಲ್ಲಿ ಕಲ್ಲು ಜಾರಿದ್ದರೆ ಬರೀ ಕಲ್ಲು ತುಂಬಿ ಮುಚ್ಚಬಾರದು. ಸಣ್ಣ ನೀರಾವರಿ ಅಥವಾ ಪಂಚಾಯತ್ ರಾಜ್ ಎಂಜಿನಿಯರರ ಸಲಹೆಯಂತೆ ಸಡಿಲ ಮಣ್ಣನ್ನು ತೆಗೆದು, ಹದವಾದ ತೇವದಲ್ಲಿ ಗರಸು ಬೆರೆತ ಮಣ್ಣನ್ನು ತೆಳುಪದರಗಳಲ್ಲಿ ದಿಮ್ಮಿಸಿ, ಮೇಲೆ ಜಲ್ಲಿ ಹಾಕಿ ಕಲ್ಲು ಹೊದಿಸಬೇಕು. ಒಡ್ಡಿನ ಹೊರಮೈಗೆ ಕರಿಕೆ ಹುಲ್ಲು ಒಳ್ಳೆಯದು. ಒಡ್ಡಿನ ಮೇಲೆ ಜಾಲಿ ಮೊದಲಾದ ಮರಗಳನ್ನು ಬೆಳೆಯಗೊಡಬಾರದು. ಬೇರು ಸತ್ತ ಮೇಲೆ ಆ ಜಾಗವೇ ನೀರು ಸೋರುವ ದಾರಿಯಾಗುತ್ತದೆ. ಒಡ್ಡಿಲ್ಲದ ಕಡೆಯ ದಂಡೆಗೆ ಲಾವಂಚವನ್ನು ಸಾಲಾಗಿ ನೆಡಬಹುದು. ತೂಬಿನ ಬಾಯಿಗೆ ಅಡ್ಡವಾಗದಿದ್ದರೆ ದಂಡೆಯ ಆಪುಹುಲ್ಲನ್ನು ಪೂರ್ತಿ ಕಿತ್ತುಹಾಕಬೇಡಿರಿ. ಅಲೆಯ ಬಲವನ್ನು ಕುಗ್ಗಿಸುವ ಬೇಲಿ ಅದೇ.

ಯಾವ ದೋಣಿ, ಎಲ್ಲಿ

ಒಡ್ಡು ಕಟ್ಟಿದ ಊರ ಕೆರೆಗಳಲ್ಲಿ ಹುಟ್ಟು ಹಾಕುವ ದೋಣಿ, ತುಳಿಯುವ ದೋಣಿ, ಅನುಭವಿ ಅಂಬಿಗರ ಹರಿಗೋಲು ಇವು ಸಾಕು. ಅಂಬಿಗರ ಮನೆಗಳಿಗೂ ಕೆಲಸ ಸಿಕ್ಕಂತಾಗುತ್ತದೆ. ವಯಸ್ಸಾದವರಿಗೆ ಯಂತ್ರದ ದೋಣಿ ಬೇಕಾದರೆ ಬ್ಯಾಟರಿಯಿಂದ ನಿಧಾನವಾಗಿ ಚಲಿಸುವುದನ್ನು ಆರಿಸಿ, ಗಂಟೆಗೆ 8 ಕಿ.ಮೀ. ಮೀರದಂತೆ ಗುತ್ತಿಗೆಯಲ್ಲಿಯೇ ಬರೆಯಿಸಬೇಕು. ಸ್ಪೀಡ್ ಬೋಟ್, ವಾಟರ್ ಸ್ಕೂಟರ್‌ಗಳಿಗೆ ಇಂಥ ಕೆರೆಗಳಲ್ಲಿ ಅನುಮತಿ ಬೇಡ. ಯಾವ ದೋಣಿಯಾದರೂ ಸರಿ, ಜೀವರಕ್ಷಕ ಅಂಗಿ ತೊಡದವರನ್ನು ಹತ್ತಿಸಬಾರದು. ಬೇರೆ ಕೆರೆಯಿಂದ ಬಂದ ದೋಣಿಯನ್ನು ತೊಳೆದು, ನೀರು ಬಸಿದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸದೆ ನೀರಿಗೆ ಇಳಿಸಬಾರದು. ದೋಣಿಯ ಆದಾಯದಲ್ಲಿ ಒಂದು ಭಾಗವನ್ನು ಒಡ್ಡಿನ ದುರಸ್ತಿಗೆಂದೇ ಬೇರೆ ಇಡಬೇಕು. ಕೆರೆಯ ನೀರು ನಿಗದಿಯಾದ ಮಟ್ಟಕ್ಕಿಂತ ಇಳಿದ ದಿನವೇ ದೋಣಿ ನಿಲ್ಲಬೇಕು. ಆ ಮಟ್ಟವನ್ನು ತೂಬಿನ ಕಂಬದ ಮೇಲೆ ಎಲ್ಲರಿಗೂ ಕಾಣುವಂತೆ ಬಣ್ಣದಲ್ಲಿ ಬರೆಸಿರಬೇಕು.

ದೋಣಿ ವಿಹಾರದ ಆದಾಯ ಬರುವುದು ವರ್ಷದಲ್ಲಿ ನಾಲ್ಕೈದು ತಿಂಗಳು. ಒಡ್ಡು ಒಡೆದರೆ ಅಚ್ಚುಕಟ್ಟಿನ ಹೊಲಗಳ ಮೇಲ್ಮಣ್ಣು ಒಂದೇ ರಾತ್ರಿಯಲ್ಲಿ ಕೊಚ್ಚಿಹೋಗುತ್ತದೆ. ಅದು ಮತ್ತೆ ಕೂಡಲು ತಲೆಮಾರುಗಳೇ ಬೇಕು. ಈ ವರ್ಷ ಕೆರೆ ತುಂಬಿದೊಡನೆ ಹಗ್ಗ ಹಿಡಿದು ಆಳ ಅಳೆಯಿರಿ. ಅಳತೆಯ ಪಟ್ಟಿಯನ್ನು ಮುಂದಿನ ಗ್ರಾಮಸಭೆಗೆ ತೆಗೆದುಕೊಂಡು ಹೋಗಿರಿ. ಅಳತೆ ಮಾಡುವ ಕ್ರಮದಲ್ಲಿ ಸಂದೇಹ ಬಂದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಬಹುದು.